ತಂಪಕ್ಕನ ಹೊಸ ಕಣ್ಣಿಗೆ ಹಳೇ ಬಣ್ಣ

ಬೆಳಗಿನ ಆರು ಗಂಟೆ. ಕೋಣೆಯಲ್ಲಿ ಮಂಚವಿಲ್ಲ, ಪರದೆಯಿಲ್ಲ, ದೀಪ ಹಾಕಿಲ್ಲ. ಕಿಟಕಿ ಮಾತ್ರ ಪೂರ್ತಿ ತೆರೆದಿದೆ. ತಲೆಗೆ ಬಟ್ಟೆ ಕಟ್ಟಿದ ಹೆಂಗಸೊಬ್ಬರು ಗೋಡೆಯ ಮುಂದೆ ನಿಂತು ಬಲಗಣ್ಣನ್ನು ಅಂಗೈಯಿಂದ ಮುಚ್ಚುತ್ತಾರೆ, ಬಿಡುತ್ತಾರೆ, ಆಮೇಲೆ ಎಡಗಣ್ಣನ್ನು ಮುಚ್ಚುತ್ತಾರೆ. ಹೊರಗಿನಿಂದ ನೋಡಿದವರಿಗೆ ಐವತ್ತೆಂಟರ ಹರೆಯದಲ್ಲಿ ಗೋಡೆಯೊಂದಿಗೆ ಕಣ್ಣಾಮುಚ್ಚಾಲೆ ನಡೆದಂತೆ ಕಂಡೀತು. ಗೋಡೆಯ ಮೇಲೆ ಬಾಗಿಲಿನಷ್ಟು ದೊಡ್ಡದೊಂದು ಬಣ್ಣದ ತೇಪೆ. ನಿನ್ನೆ ಸಂಜೆ ಬಳಿದದ್ದು, ಈಗ ಒಣಗಿದೆ. ಪೂರ್ತಿ ನೀಲಿಯೂ ಅಲ್ಲ, ಪೂರ್ತಿ ಹಸಿರೂ ಅಲ್ಲ.

"ಈ ಬಲಗಣ್ಣಲ್ಲಿ ನೋಡಿದ್ರೆ ಕೊಳ. ಎಡಗಣ್ಣಲ್ಲಿ ನೋಡಿದ್ರೆ ಅದೇ ಕೊಳಕ್ಕೆ ಯಾರೋ ಒಂದು ಲೋಟ ಚಹಾ ಚೆಲ್ಲಿದ ಹಾಗೆ," ಎನ್ನುತ್ತಾರೆ.

ಬಲಗಣ್ಣಿನ ಪೊರೆ ತೆಗೆದು ಏಳು ವಾರವಾಗಿದೆ. ಎಡಗಣ್ಣಿನ ಸರದಿ ಮುಂದಿನ ತಿಂಗಳು. ಹೊಸ ಕಣ್ಣು ಬಂದ ಮೇಲೆ ತಾವೇ ಬೆರೆಸಿದ ಮೊದಲ ಬಕೆಟ್ ಇದು. ಈ ಗೋಡೆ ಕೈಕೊಟ್ಟರೆ ಇನ್ನು ಬಣ್ಣ ಬೆರೆಸುವುದಿಲ್ಲ, ಬರೀ ರೋಲರ್ ಎಳೆದುಕೊಂಡಿರುತ್ತೇನೆ ಎಂದು ಗಂಡನಿಗೆ ಹೇಳಿಯೇ ಬಂದಿದ್ದಾರೆ. ಆ ಗಂಡ ಈಗ ಹೊರಗೆ ಜಗುಲಿಯಲ್ಲಿ ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಕೂತಿದ್ದಾರೆ. ಹಾಗೆ ಕೂತಿರಬೇಕೆಂದು ಅಪ್ಪಣೆಯಾಗಿದೆ.

ಊರು ಇವರನ್ನು ಕರೆಯುವುದು ತಂಪಕ್ಕ ಎಂದು. ಮನೆಗೆ ಎಲ್ಲ ಬಣ್ಣವನ್ನೂ ಹಚ್ಚುತ್ತಾರೆ, ಆದರೆ ಜನ ಹುಡುಕಿಕೊಂಡು ಬರುವುದು ಆ ಒಂದೇ ತಂಪು ನೀಲಿಹಸಿರಿಗೆ. ಅದಕ್ಕೆ ಹೆಸರು ಮಾತ್ರ ತಲೆಗೊಂದು. ತಂಪಕ್ಕ ಗಿರಾಕಿಗಳ ದನಿಯಲ್ಲೇ ಹೇಳಿ ತೋರಿಸುತ್ತಾರೆ. ಮೂಗು ಹಿಡಿದು: "ಅಮ್ಮಾ, ನವಿಲಿನ ಕತ್ತು ತೊಳೆದ ನೀರಿರುತ್ತಲ್ಲ, ಆ ಬಣ್ಣ." ಗಂಟಲು ದಪ್ಪ ಮಾಡಿ: "ನೋಡಿ, ನನಗೆ ಸಮುದ್ರ ಬೇಕು, ಆದರೆ ಉಪ್ಪಿರಬಾರದು." ಇನ್ನೊಬ್ಬರಂತೂ, "ಆಪರೇಷನ್ ಥಿಯೇಟರಿನ ಪರದೆ ಇದ್ದ ಹಾಗೆ, ಆದರೆ ಭಯ ಆಗಬಾರದು," ಅಂದರಂತೆ.

ಮೂವತ್ತೊಂದು ವರ್ಷದಲ್ಲಿ ಈ ಬಣ್ಣದ ಕೋಣೆಗಳೇ ನಾನೂರು ದಾಟಿವೆ. ದಿನಕ್ಕೆ ಎರಡು ಗೋಡೆ ಉಜ್ಜಿ ಪುಟ್ಟಿ ಹಚ್ಚುವುದು, ಇಲ್ಲವೇ ನಾಲ್ಕು ಗೋಡೆಗೆ ಒಂದು ಕೋಟು. ಕೋಟು ಹಾಕುವುದರಲ್ಲಿ ಇವರನ್ನು ಮೀರಿಸುವ ವಕೀಲರಿಲ್ಲ. ಇಪ್ಪತ್ತು ಲೀಟರ್ ಬಿಳಿಗೆ ಒಂಬತ್ತು ಮುಚ್ಚಳ ನೀಲಿ, ಹದಿನಾಲ್ಕು ಮುಚ್ಚಳ ಹಸಿರು, ಅರ್ಧ ಮುಚ್ಚಳ ಕಪ್ಪು. ಗಟ್ಟಿ ಬಣ್ಣದ ಸಣ್ಣ ಬಾಟಲಿಗಳ ಮುಚ್ಚಳವೇ ಅಳತೆ. ಅದು ಬರೀ ಶುರು. ಆಮೇಲಿನದೆಲ್ಲ ಕಣ್ಣಿನ ಕೆಲಸ. ಬಿಸಿಲೇ ಬೀಳದ ಕೋಣೆಗೆ ಹಸಿರು ಒಂದಿಷ್ಟು ಮುಂದೆ, ಸಂಜೆಯ ಬಿಸಿಲು ಬೀಳುವ ಕೋಣೆಗೆ ನೀಲಿ ಒಂದಿಷ್ಟು ಮುಂದೆ. ಮೇಲ್ಛಾವಣಿಗೆ ಅದೇ ಬಣ್ಣವನ್ನು ಬಿಳಿಯಲ್ಲಿ ಕರಗಿಸಿ ತೆಳುವಾಗಿ. ಕಿಟಕಿಯ ಚೌಕಟ್ಟು ಅಚ್ಚ ಬಿಳಿ. ಮರದ ಕುರ್ಚಿಯಿದ್ದರೆ ಪಾಲಿಶ್ ಮಾಡಿಸದೆ ಹಾಗೇ ಇಡಿ ಎನ್ನುತ್ತಾರೆ. ಈ ಗೋಡೆಯ ಮುಂದೆ ಮರ ತಾನೇ ಬೆಚ್ಚಗೆ ಕಾಣುತ್ತದಂತೆ.

ಅಂಗಡಿಯಲ್ಲಿ ಯಂತ್ರವೇ ಬೆರೆಸಿ ಕೊಡುತ್ತದಲ್ಲ ಎಂದರೆ ತಂಪಕ್ಕ ಬಿಸಿಯಾಗುತ್ತಾರೆ. "ಯಂತ್ರ ಬಣ್ಣದ ಕಾರ್ಡು ನೋಡಿ ಬೆರೆಸುತ್ತೆ. ನಿಮ್ಮ ಮನೆ ಕಿಟಕಿ ನೋಡಿದೆಯಾ ಅದು?"

ಕಣ್ಣು ಪಳಗಿದ್ದು ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ. ಒದ್ದೆ ನೂಲು ಒಣಗಿದ ಮೇಲೆ ಏನಾಗುತ್ತದೆ ಎಂದು ಮೊದಲೇ ಹೇಳುವುದು ಅಲ್ಲಿ ಅವರ ಕೆಲಸವಾಗಿತ್ತು. ಒಂದು ಸೋಮವಾರ ಹೋದರೆ ಗೇಟಿಗೆ ಬೀಗ. ಗೋಡೆಗೆ ಬಣ್ಣ ಬಳಿಯುತ್ತಿದ್ದ ಗಂಡ, ಮನೆಯಲ್ಲಿ ಸುಮ್ಮನೆ ಗೋಡೆ ನೋಡುತ್ತ ಕೂರುವ ಬದಲು ನನ್ನ ಗೋಡೆಗಳನ್ನೇ ನೋಡು ಬಾ ಎಂದು ಕರೆದೊಯ್ದರು. ಗುತ್ತಿಗೆದಾರ ಮುಖ ಸಿಂಡರಿಸಿದ: "ಹೆಂಗಸು ಏಣಿ ಹತ್ತೋದಾ?" ತಂಪಕ್ಕ ಅಂದರಂತೆ: "ಏಣಿಗೆ ಹೇಗೆ ಗೊತ್ತಾಗುತ್ತೆ ಸ್ವಾಮಿ?" ಅಂದಿನಿಂದ ಕೆಲಸ ಹಂಚಿಹೋಗಿದೆ. ಮೇಲ್ಛಾವಣಿ, ಉಜ್ಜುವುದು, ಬ್ರಷ್ ತೊಳೆಯುವುದು ಗಂಡನದು. ಬಣ್ಣದ ವಿಚಾರದಲ್ಲಿ ಅವರು ಬಾಯಿ ಬಿಡುವಂತಿಲ್ಲ. "ನಿಮಗೆ ಸಿಗ್ನಲ್ ದೀಪದ ಮೂರು ಬಣ್ಣ ಬಿಟ್ಟು ನಾಲ್ಕನೇದು ಗೊತ್ತೇನ್ರೀ?" ಎಂಬುದು ಮೂವತ್ತು ವರ್ಷದ ಖಾಯಂ ಬಯ್ಗುಳ.

ಎರಡು ವರ್ಷದ ಹಿಂದೆ ಮೊದಲ ದೂರು ಬಂತು. ಹಲ್ಲಿನ ಡಾಕ್ಟರೊಬ್ಬರ ಆಸ್ಪತ್ರೆಯಲ್ಲಿ ರೋಗಿಗಳು ಕಾಯುವ ಕೋಣೆ. ಇವರು ಬಳಿದದ್ದು ತಂಪು, ಡಾಕ್ಟರಿಗೆ ಕಂಡದ್ದು ಚಳಿ. "ಅಮ್ಮಾ, ಇದು ಬರೀ ನೀಲಿ ಆಯ್ತು," ಎಂದರು ಮೆತ್ತಗೆ. ತಂಪಕ್ಕ ಮೆತ್ತಗಾಗಲಿಲ್ಲ. "ನಿಮಗೆ ಹಲ್ಲು ಗೊತ್ತು, ಬಣ್ಣ ಗೊತ್ತಾ?" ಎಂದು ಕೇಳಿ ಬಂದುಬಿಟ್ಟರು. ಆಮೇಲೆ ದೂರು ಬರಲಿಲ್ಲ. ತಾನೇ ಸರಿ ಎಂದುಕೊಂಡು ಆರಾಮಾಗಿದ್ದರು.

ಬಣ್ಣ ಬಯಲಾದದ್ದು ಈ ವರ್ಷ. ಅಂಗಡಿಯಾತ ಎರಡು ಕಾರ್ಡು ಮುಂದಿಟ್ಟು ಯಾವುದು ಬೇಕಕ್ಕಾ ಎಂದ. "ಎರಡೂ ಒಂದೇ ಅಲ್ಲವೇನಪ್ಪಾ, ಬೆಳಬೆಳಗ್ಗೆ ತಮಾಷೆನಾ?" ಎಂದರು ತಂಪಕ್ಕ. ಒಂದು ಎಲೆಹಸಿರಿಗೆ ಹತ್ತಿರ, ಇನ್ನೊಂದು ಆಕಾಶಕ್ಕೆ. ಅಂಗಡಿಯಾತ ನಗಲಿಲ್ಲ. ಪಕ್ಕದಲ್ಲಿದ್ದ ಗಂಡ ನೆಲ ನೋಡಿದರು. ಮರುದಿನ ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡಿ, "ಅಮ್ಮಾ, ಒಳಗಿನ ಮಸೂರ ಹಳದಿಯಾಗಿದೆ. ವರ್ಷಗಟ್ಟಲೆ ನೀವು ಹಳದಿ ಗಾಜಿನ ಹಿಂದೆ ನಿಂತು ನೋಡ್ತಾ ಇದ್ದೀರಿ," ಎಂದರು. ತಂಪಕ್ಕನಿಗೆ ಒಂದೇ ಏಟಿಗೆ ಅರ್ಥವಾಯಿತು. ಕಣ್ಣು ಹಳದಿಯಾದಷ್ಟೂ ನೀಲಿ ಸಾಲದೆನಿಸಿ, ಕೈ ತಾನೇ ನೀಲಿ ಸುರಿಯುತ್ತ ಹೋಗಿದೆ!

ಆಪರೇಷನ್ ಆಗಿ ಪಟ್ಟಿ ಬಿಚ್ಚಿದಾಗ ಡಾಕ್ಟರ ಕೋಟು ನೋಡಿ, "ಬಿಳಿ ಇಷ್ಟು ಬಿಳಿ ಇರುತ್ತಾ?" ಎಂದರಂತೆ. ಗಂಡನತ್ತ ತಿರುಗಿ, "ಅಯ್ಯೋ, ನೀವು ಇಷ್ಟು ಮುದುಕ ಆಗಿದ್ದು ಯಾವಾಗ್ರೀ?"

"ಅವಳ ಕಣ್ಣು ಸರಿಯಾಯ್ತು, ನನ್ನ ಗ್ರಹಚಾರ ಕೆಟ್ಟಿತು," ಎನ್ನುತ್ತಾರೆ ಗಂಡ, ಜಗುಲಿಯಿಂದಲೇ.

ನಗು ಅಲ್ಲಿಗೆ ಮುಗಿಯಿತು. ಎರಡು ವರ್ಷದಲ್ಲಿ ಆ ಬಣ್ಣ ಬಳಿದ ಮನೆಗಳು ಹನ್ನೊಂದು. ಎಲ್ಲ ಕಡೆ ಹೋಗಿ ಕೈಮುಗಿದು, ಕೆಟ್ಟ ಗೋಡೆಗಳಿಗೆ ಮತ್ತೆ ಬಳಿದು ಕೊಡುತ್ತೇನೆ ಎಂದು ಹೊರಟರು. ಹಲ್ಲಿನ ಡಾಕ್ಟರ ಗೋಡೆ ನಿಜಕ್ಕೂ ನೀಲಿಯೇ. ಅದಕ್ಕೆ ತಪ್ಪೊಪ್ಪಿಗೆಯೂ ಆಯಿತು, ತಾವೇ ಬೆರೆಸುವ ಧೈರ್ಯ ಸಾಲದೆ ಅಂಗಡಿಯಲ್ಲೇ ಬೆರೆಸಿ ತಂದ ಹೊಸ ಕೋಟೂ ಆಯಿತು. ಎರಡನೇ ಮನೆಯ ಬಾಗಿಲಲ್ಲಿ ಮಾತ್ರ ತಂಪಕ್ಕ ನಿಂತೇಬಿಟ್ಟರು. ಗೋಡೆ ಸರಿಯಾಗಿತ್ತು. ಮೂರನೇದೂ ಸರಿ, ನಾಲ್ಕನೇದೂ ಸರಿ. ಕೆಟ್ಟ ಕಣ್ಣು ಬೆರೆಸಿದ ಬಣ್ಣ ಒಳ್ಳೇ ಕಣ್ಣಿಗೆ ಸರಿ ಕಾಣುವುದು ಹೇಗೆ? ಹಿಂದೆ ತಿರುಗಿ ಕೇಳೋಣವೆಂದರೆ ಗಂಡನಿಗೆ ಅದೇ ಹೊತ್ತಿಗೆ ಚಪ್ಪಲಿಯಲ್ಲಿ ಕಲ್ಲು ಸಿಕ್ಕಿತ್ತು.

ಗುಟ್ಟು ಬಿಟ್ಟದ್ದು ಅಂಗಡಿಯಾತ. "ಅಣ್ಣ ಪ್ರತಿ ಸಲ ಒಂದು ಹಳದಿ ಬಾಟಲಿ ಬೇರೆ ಒಯ್ತಿದ್ರಲ್ಲಕ್ಕಾ, ನಿಮಗೇ ಇರ್ಬೇಕು ಅಂದ್ಕೊಂಡೆ!"

ಎಲೆಮರೆಯ ಕಾಯಿಯೊಂದನ್ನು ಹುಡುಕಿ ಬಂದರೆ ಹಿಂದಿನ ಎಲೆಯ ಮರೆಯಲ್ಲಿ ಇನ್ನೊಂದು ಕಾಯಿ ಸಿಕ್ಕಂತಾಗಿದೆ. ಗಂಡ ಈಗ ಒಪ್ಪಿಕೊಳ್ಳುತ್ತಾರೆ. "ಅವಳು ಚಹಾ ಕುಡಿಯೋಕೆ ಹೋದಾಗ ಮೂರು ಮುಚ್ಚಳ ಹಳದಿ ಹಾಕಿ ಕಲಸಿಬಿಡ್ತಿದ್ದೆ. ಕಣ್ಣು ತೋರಿಸೋಣ ಬಾರೇ ಅಂತ ಹತ್ತು ಸಲ ಕರೆದೆ. ಪ್ರತಿ ಸಲ ಸೂಜಿಗೆ ದಾರ ಪೋಣಿಸಿ ನನ್ನ ಮೂಗಿನ ಹತ್ರ ಹಿಡೀತಿದ್ಲು."

ಬಣ್ಣ ತಪ್ಪುತ್ತಿದೆ ಎಂದು ಹೇಳಿಬಿಡಬಹುದಿತ್ತಲ್ಲ?

"ಹಲ್ಲಿನ ಡಾಕ್ಟರಿಗೆ ಏನಂದ್ಲು ಅಂತ ಕೇಳಿಸ್ಕೊಂಡ್ರಲ್ಲ? ಅವರಿಗಾದ್ರೆ ಒಂದು ದಿನ. ನನಗೆ ಮನೇಲೂ ಅವಳೇ." ನಗುತ್ತಾರೆ. ಆಮೇಲೆ ದನಿ ಇಳಿಯುತ್ತದೆ. "ಕಾರ್ಖಾನೆ ಮುಚ್ಚಿದಾಗ ಮೂರು ತಿಂಗಳು ಯಾರ ಹತ್ರಾನೂ ಮಾತಾಡಿರ್ಲಿಲ್ಲ ಇವಳು. ಅದನ್ನ ಇನ್ನೊಂದು ಸಲ ನೋಡೋ ಧೈರ್ಯ ನನಗಿರ್ಲಿಲ್ಲ."

ವಿಷಯ ತಿಳಿದಾಗಲೂ ತಂಪಕ್ಕ ನಾಲ್ಕು ದಿನ ಮಾತು ಬಿಟ್ಟಿದ್ದರು. ಹಳದಿ ಹಾಕಿದ್ದಕ್ಕೆ ಅಷ್ಟು ಸಿಟ್ಟೇ ಎಂದರೆ ತಲೆ ಅಲ್ಲಾಡಿಸುತ್ತಾರೆ. "ಹಾಕಿದ್ದಕ್ಕಲ್ಲ. ಅಷ್ಟು ಸರಿಯಾಗಿ ಹಾಕಿದ್ರಲ್ಲ, ಅದಕ್ಕೆ. ಮೂವತ್ತು ವರ್ಷ ಬೈದಿದ್ದೀನಿ ಆ ಮನುಷ್ಯನಿಗೆ."

ಆರೂ ಮುಕ್ಕಾಲು. ಬೆಳಕು ನೆಲದಿಂದ ಗೋಡೆಗೆ ಹತ್ತುತ್ತಿದೆ. ಮನೆಯಾಕೆ ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೊರಟು ನಿಂತಿದ್ದಾರೆ. ಅವರು ಬಸ್ ಕಂಡಕ್ಟರ್. ದಿನಕ್ಕೆ ಹತ್ತು ಗಂಟೆ ಹಾರ್ನು, ಹೊಗೆ, ಚಿಲ್ಲರೆ ಜಗಳ. "ಮನೆಗೆ ಬಂದು ಬಾಗಿಲು ಹಾಕಿದ್ರೆ ತಲೆ ಮೇಲೆ ಒದ್ದೆ ಬಟ್ಟೆ ಇಟ್ಟ ಹಾಗಿರಬೇಕು ನೋಡಿ. ಅಷ್ಟೇ ನನಗೆ ಬೇಕಾಗಿರೋದು," ಎಂದು ಮೊದಲೇ ಹೇಳಿದ್ದಾರೆ. ಈಗ ತೇಪೆಯ ಮುಂದೆ ನಿಂತು, "ಚೆನ್ನಾಗೇ ಇದೆಯಲ್ಲಕ್ಕಾ! ರೈಟ್ ರೈಟ್ ಹೇಳಿಬಿಡ್ಲಾ?" ಎನ್ನುತ್ತಾರೆ.

"ತಡೀರಿ, ಸ್ಟಾಪ್ ಇನ್ನೂ ಬಂದಿಲ್ಲ," ಎನ್ನುತ್ತಾರೆ ತಂಪಕ್ಕ, ಅವರದೇ ದನಿಯಲ್ಲಿ. ಬಗ್ಗಿ ಬಕೆಟ್ಟಿನ ಹಿಂದೆ ಏನೋ ಮಾಡಿ ಏಳುತ್ತಾರೆ. ಜಗುಲಿಯತ್ತ ಕೂಗುತ್ತಾರೆ: "ಏನ್ರೀ, ಒಳಗೆ ಬನ್ನಿ. ನೋಡಿ ಹೇಳಿ."

ಮೂವತ್ತೊಂದು ವರ್ಷದಲ್ಲಿ ಬಣ್ಣದ ಬಗ್ಗೆ ಗಂಡನನ್ನು ಕೇಳಿದ್ದು ಇದೇ ಮೊದಲು. ಅವರು ಚಪ್ಪಲಿ ಹೊರಗೆ ಬಿಟ್ಟು, ಕೈ ಬೆನ್ನ ಹಿಂದೆ ಇಟ್ಟುಕೊಂಡೇ ಬರುತ್ತಾರೆ. ತೇಪೆಯ ಎದುರು ನಿಲ್ಲುತ್ತಾರೆ. ಕಿಟಕಿಯ ಪಕ್ಕಕ್ಕೆ ಹೋಗಿ ಓರೆಯಾಗಿ ನೋಡುತ್ತಾರೆ.

"ಹೇಳ್ಲಾ?"

"ಮತ್ಯಾಕೆ ನಿಮ್ಮನ್ನ ಕರೆದಿದ್ದು?"

"ಸಿಟ್ಟಾಗ್ಬಾರ್ದು."

"ಆಗ್ತೀನಿ. ಹೇಳಿ."

"ಹೆದರಿಕೊಂಡು ಬೆರೆಸಿದ್ದೀಯ. ನೀಲಿ ಕಡಿಮೆ ಆಗಿದೆ. ಅರ್ಧ ಮುಚ್ಚಳ."

ಕಂಡಕ್ಟರಮ್ಮ ಡಬ್ಬಿಯನ್ನು ಎದೆಗವಚಿಕೊಂಡು ಇಬ್ಬರನ್ನೂ ನೋಡುತ್ತಾರೆ. ತಂಪಕ್ಕ ಬಗ್ಗಿ, ಬಕೆಟ್ಟಿನ ಹಿಂದಿನಿಂದ ಒಂದು ಮುಚ್ಚಳವನ್ನು ಚೆಲ್ಲದಂತೆ ಎರಡು ಬೆರಳಲ್ಲಿ ಎತ್ತಿ ಹಿಡಿಯುತ್ತಾರೆ. ಅದರಲ್ಲಿ ಸರಿಯಾಗಿ ಅರ್ಧಕ್ಕೆ ನೀಲಿ. ಗಂಡನನ್ನು ಕರೆಯುವ ಮೊದಲೇ ಸುರಿದಿಟ್ಟದ್ದು.

ಗಂಡನ ಕೈಗಳು ಬೆನ್ನ ಹಿಂದಿನಿಂದ ಮುಂದಕ್ಕೆ ಬರುತ್ತವೆ. ತಂಪಕ್ಕ ಮುಚ್ಚಳವನ್ನು ಆ ಅಂಗೈಯಲ್ಲಿಟ್ಟು ಬಕೆಟ್ಟನ್ನು ಅವರತ್ತ ತಳ್ಳುತ್ತಾರೆ.

"ಹಾಕಿ," ಎನ್ನುತ್ತಾರೆ. "ನಾನು ನೋಡ್ತಾ ಇರುವಾಗ್ಲೇ ಹಾಕಿ."