ಗೌರಕ್ಕನ ಮೊಳ

ಹಲಸೂರು ಮಾರುಕಟ್ಟೆಯಲ್ಲಿ ಗೌರಕ್ಕನ ಮೊಳದಷ್ಟು ಉದ್ದದ ಮೊಳ ಇನ್ನೊಬ್ಬರದಿರಲಿಲ್ಲ. ಕಟ್ಟಿದ ಮಲ್ಲಿಗೆಯನ್ನು ಎಡಗೈ ಮೇಲೆ ಹಾಸಿ, ಮೊಣಕೈಯಿಂದ ನಡುಬೆರಳ ತುದಿವರೆಗೆ ಅಳೆದು, ಕತ್ತರಿಸುವಾಗ ಇನ್ನಷ್ಟು ಮುಂದಕ್ಕೆ ಎಳೆಯುವಳು. 'ಲಾಸ್ ಆಗಲ್ವೇನಕ್ಕ?' ಎಂದರೆ, 'ಸಂಜೆಗೆ ಬಾಡೋಗೋ ಹೂವು, ನಾನೇನು ಗಂಟು ಕಟ್ಟಿ ಇಟ್ಕೊಳ್ಳಲಾ? ಹೋಗಪ್ಪ ಸಾಕು' ಎಂದು ಗದರುವಳು.

ಅಂಥವಳಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಎಡಗೈ ಬೆರಳುಗಳು ಮಾತ್ರ ಮುಷ್ಟಿ ಕಟ್ಟಿಕೊಂಡವು, ಬಿಚ್ಚಲಿಲ್ಲ. ಹೂ ಕಟ್ಟುವುದು ಮಗಳು ರತ್ನಳ ಪಾಲಿಗೆ ಬಂತು. ಅಳತೆ ತನ್ನದೇ ಎಂದು ಗೌರಕ್ಕ ಹಟ ಹಿಡಿದಳು. ಆದರೆ ಮುಷ್ಟಿಯವರೆಗೆ ಅಳೆದರೆ ಮೊಳ ಗಿಡ್ಡ. 'ಗೌರಕ್ಕಾನೂ ಮೋಸ ಕಲಿತ್ಲು' ಎಂದು ಯಾರೋ ಅಂದದ್ದು ಅವಳ ಕಿವಿಗೆ ಬಿತ್ತು. ಲಕ್ವಕ್ಕಿಂತ ಆ ಮಾತೇ ಅವಳನ್ನು ಹೆಚ್ಚು ಕೊರೆಯಿತು. 'ಕಾಲು ಎಳ್ಕೊಂಡೇ ನಡೀತೀನಿ, ಈ ಬೆರಳೊಂದು ಬಿಚ್ಕೊಂಡ್ರೆ ಸಾಕು ಕಣಪ್ಪ' ಎನ್ನುತ್ತಿದ್ದಳು.

ಅವಳ ಬಳಿ ಹೂ ಕೊಳ್ಳುತ್ತಿದ್ದ ನಾನಾಗ ಒಂದು ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯಲ್ಲಿ ಟೆಕ್ನಿಷಿಯನ್. ಲಕ್ವ ಹೊಡೆದವರು ಕೈ ಆಡಿಸುವಾಗ ಮಿದುಳಿನ ಚಿತ್ರ ತೆಗೆದು, ಅದನ್ನು ನೋಡಿ ಡಾಕ್ಟರಮ್ಮ ವ್ಯಾಯಾಮ ಹೇಳಿಕೊಡುತ್ತಿದ್ದರು. ಗೌರಕ್ಕನನ್ನು ನಾನೇ ಕರೆದೊಯ್ದೆ. ಲೋಹ ಕೂಡದೆಂದು ಮೂಗುಬೊಟ್ಟು ತೆಗೆಯಲು ಸೋಪು ಹಚ್ಚಬೇಕಾಯಿತು. 'ನಿಮ್ಮ ಮಿಷನ್‌ಗೆ ನನ್ನ ಮೂಗಿನ ಮೇಲ್ಯಾಕಪ್ಪ ಕಣ್ಣು?' ಎಂದು ನಕ್ಕಳು.

ಲೋಹವಿಲ್ಲದ ಒಂದು ಗವಸನ್ನು ಅವಳ ಎಡಗೈಗೆ ತೊಡಿಸಿದೆ. ಮಿಷನ್ನಿನೊಳಗೆ ಮಲಗಿ, ಹಸಿರು ದೀಪ ಹತ್ತಿದಾಗ ಬೆರಳು ಬಿಚ್ಚಬೇಕು, ಆರಿದಾಗ ಸುಮ್ಮನಿರಬೇಕು. ಬೆರಳು ಚೂರು ಅಲುಗಿದರೂ ಗವಸಿನಿಂದ ಸುದ್ದಿ ಬಂದು ನನ್ನ ಪರದೆಯ ಗೆರೆ ಮೇಲೇಳಬೇಕು. ದೀಪ ಮತ್ತೆ ಮತ್ತೆ ಹತ್ತಿತು, ಗೆರೆ ಏಳಲೇ ಇಲ್ಲ. ತಲೆ ಕೆಟ್ಟು ಮೈಕಿನಲ್ಲಿ ರೇಗಿದೆ: 'ಗೌರಕ್ಕ, ಸುಮ್ನೆ ಮಲಗಿದ್ರೆ ಕೈ ಬರುತ್ತಾ? ಸ್ವಲ್ಪ ಮನಸ್ಸಿಟ್ಟು ಮಾಡಕ್ಕ!'

'ಬಿಚ್ತಾನೇ ಇದೀನಪ್ಪ...'

ಹೊರಗೆ ಬಂದಾಗ ಅವಳ ಕಣ್ಣೀರು ಕಿವಿಯವರೆಗೆ ಹರಿದಿತ್ತು. ನೋಡಿಯೂ ನೋಡದವನಂತೆ ಗವಸು ಕಳಚಿದೆ.

ಒಂದು ವಾರದ ಮೇಲೆ ಡಾಕ್ಟರಮ್ಮ ಚಿತ್ರ ತೋರಿಸಿದರು. ದೀಪ ಹತ್ತಿದಾಗಲೆಲ್ಲ, ಮಿದುಳಿನಲ್ಲಿ ಕೈಯನ್ನು ಆಡಿಸುವ ಜಾಗ ಬೆಳಗಿತ್ತು. 'ನೋಡ್ರೀ, ಪಾಪ, ಆಯಮ್ಮ ಒಂದು ಸಲಾನೂ ಬಿಟ್ಟಿಲ್ಲ. ತಲೆಯಿಂದ ಆರ್ಡರ್ ಹೋಗಿದೆ, ಕೈಗೆ ತಲುಪಿಲ್ಲ ಅಷ್ಟೆ' ಎಂದರು.

ಅವತ್ತೇ ಮಾರುಕಟ್ಟೆಗೆ ಹೋಗಿ ಎಲ್ಲ ಹೇಳಿ, ತಪ್ಪಾಯಿತಕ್ಕ ಎಂದೆ.

'ನಾನು ಬಿಚ್ತಿದ್ದೆ ಅಂತ ನಂಗೊತ್ತಿತ್ತಲ್ಲಪ್ಪ' ಎಂದಳು. 'ನಿಂಗೊತ್ತಾಗೋಕೆ ಅಷ್ಟ್ ದೊಡ್ಡ ಮಿಷನ್ ಬೇಕಾಯ್ತಾ?'

ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಹೂವನ್ನು ಮುಷ್ಟಿಯವರೆಗೆ ಹಾಸಿ, ಅಲ್ಲಿಂದಾಚೆ ಗಾಳಿಯಲ್ಲಿ ಇನ್ನಷ್ಟು ಎಳೆದು, 'ಬಿಚ್ಕೊಂಡಿದ್ರೆ ಬೆರಳು ಇಲ್ಲಿಗ್ ಬರೋದು. ಹೂಂ, ಕತ್ತರಿಸೇ ರತ್ನ' ಎಂದಳು. ಅಂದಿನಿಂದ ಎಲ್ಲರಿಗೂ ಹಾಗೇ ಅಳೆದಳು.

ತಿಂಗಳುಗಟ್ಟಲೆ ವ್ಯಾಯಾಮ ಮಾಡಿದಳು. ಬೆರಳು ಬಿಚ್ಚಲಿಲ್ಲ. ಎರಡನೆಯ ಸಲ ಲಕ್ವ ಹೊಡೆದು ಅವಳು ತೀರಿಕೊಂಡಾಗ ನಾನು ಡ್ಯೂಟಿಯಲ್ಲಿದ್ದೆ. ಕೊನೆಗೊಮ್ಮೆ ಮುಖ ನೋಡಲೂ ಸಿಗಲಿಲ್ಲ.

ಈಗ ಅಲ್ಲಿ ರತ್ನ ಕೂರುತ್ತಾಳೆ. ಅವಳದು ಗಿಡ್ಡ ಕೈ. ಮೊನ್ನೆ ನನ್ನ ಹೂವನ್ನು ಬೆರಳ ತುದಿವರೆಗೆ ಅಳೆದವಳು ನಿಲ್ಲಿಸದೆ ಆಚೆಗೂ ಎಳೆದಳು. 'ಸಾಕು ಬಿಡಮ್ಮ' ಎಂದೆ.

'ಇರಣ್ಣ' ಎಂದಳು. 'ಅಮ್ಮನ ಬೆರಳು ಇಲ್ಲಿಗ್ ಬರೋದು.'