ಒರೆಯಿಲ್ಲದ ನಲವತ್ತೊಂದು

ನಮ್ಮಣ್ಣ ಆಂಬ್ರೋಸ್ ನಮ್ಮೂರು ಸ್ಕಿಪ್ಟನ್ನಿನ ಸುತ್ತಮುತ್ತ ಹಾಲಿನ ವ್ಯಾನು ಓಡಿಸಿಕೊಂಡೇ ಮುದುಕನಾದ. ಮದುವೆಯಾಗಲಿಲ್ಲ. ದುಡಿದದ್ದನ್ನೆಲ್ಲ ನೆಪೋಲಿಯನ್ ಕಾಲದ ಕುದುರೆ ಸವಾರರ ಕತ್ತಿಗಳಿಗೆ ಸುರಿದ. ಮನೆ ನೋಡಿಕೊಂಡವಳು ತಂಗಿ, ಅಂದರೆ ನಾನು. ಊಟದ ಕೋಣೆಯ ಗೋಡೆ ತುಂಬ ಬಾಗಿದ ಹಾಳು ಕತ್ತಿಗಳು. ಒರೆಸಲು ಹೋದರೆ ಬೈಗುಳ ಬೇರೆ.

"ಮುಟ್ಬೇಡ ಕಣೇ ಎಡಿತ್! ಆ ಕಪ್ಪು ಕೊಳೆಯಲ್ಲ, ಅದರ ವಯಸ್ಸು."

ನನ್ನ ವಯಸ್ಸನ್ನು ಅಷ್ಟು ಅಕ್ಕರೆಯಿಂದ ಯಾರೂ ನೋಡಲಿಲ್ಲ, ಬಿಡಿ.

ಅವುಗಳಲ್ಲಿ ಒಂದಕ್ಕೆ ಒರೆ ಇರಲಿಲ್ಲ. ಹಿಡಿಗೆ ಅಡ್ಡಲಾದ ಉಕ್ಕಿನ ಪಟ್ಟಿಯ ಮೇಲೆ ದಳದ ಅಕ್ಷರ, ಪಕ್ಕದಲ್ಲಿ ಸವಾರನ ಸಂಖ್ಯೆ ನಲವತ್ತೊಂದು ಎಂದು ಕೊರೆದಿತ್ತು. ಸವಾರನ ಹೆಸರು ಯಾರಿಗೆ ಗೊತ್ತು? ಅಣ್ಣ ಅವನನ್ನು ನಲವತ್ತೊಂದು ಎಂದೇ ಕರೆಯುತ್ತಿದ್ದ. ಭಾನುವಾರದ ಊಟ ಮುಗಿದ ಮೇಲೆ ಕತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಅರೆಗಣ್ಣು ಮುಚ್ಚುತ್ತಿದ್ದ. ಕಿಟಕಿಯಾಚೆ ಗುಡ್ಡದಿಂದ ಮಂಜು ಮೆಲ್ಲಗೆ ಇಳಿದು ಬೇಲಿ, ಕುರಿ, ದಾರಿಗಳನ್ನೆಲ್ಲ ನುಂಗುತ್ತಿತ್ತು.

"ಕೇಳಿಸ್ತಾ? ಸ್ಪೇನಿನ ಹೊಳೆ ದಾಟ್ತಿದಾನೆ. ಕುದುರೆ ಎದೆಮಟ್ಟ ನೀರಲ್ಲಿದೆ."

"ಕಾಲೊರೆಸ್ಕೊಂಡು ಒಳಗೆ ಬರೋಕೆ ಹೇಳು" ಎನ್ನುತ್ತಿದ್ದೆ ನಾನು, ಹೆಣಿಗೆ ಬಿಡದೆ. ಆದರೆ ಸುಳ್ಳೇಕೆ ಹೇಳಲಿ, ಎಷ್ಟೋ ಸಲ ಆ ಮಂಜಿನೊಳಗೆ ನನಗೂ ಗೊರಸಿನ ಸದ್ದು ಕೇಳಿಸಿದೆ.

ಆ ಕತ್ತಿಯ ಒರೆ ಇದ್ದದ್ದು ವಿನ್ನಿಯ ಹತ್ತಿರ. ಪುರಭವನದಲ್ಲಿ ಹಳೇ ಆಯುಧಗಳ ಸಂತೆ ನಡೆದಾಗಲೆಲ್ಲ ಅಣ್ಣನ ಪಕ್ಕದ ಮೇಜು ಅವಳದು. ತೀರಿಕೊಂಡ ಗಂಡನ ಸಂಗ್ರಹವನ್ನು ತಾನೇ ಬೆಳೆಸಿದ ಗಟ್ಟಿಗಿತ್ತಿ. ಒರೆಯ ಮೇಲೂ ಅದೇ ಅಕ್ಷರ, ಅದೇ ಅಂಕಿ. ಸಂತೆ ಸಂತೆಗೂ ಜಗಳ.

"ವಿನ್ನೀ, ಆ ಕೊಳವೆ ಮಾರ್ತೀಯಾ?"

"ನೀನು ಆ ಕುಡುಗೋಲು ಮಾರ್ತೀಯಾ?"

"ಸತ್ರೂ ಇಲ್ಲ."

"ಹಾಗಾದ್ರೆ ಸಾಯಿ, ಕಾಯ್ತೀನಿ."

ಆಮೇಲೆ ಇಬ್ಬರೂ ಒಂದೇ ಫ್ಲಾಸ್ಕಿನ ಟೀ ಕುಡಿಯುತ್ತಿದ್ದರು. ಒಂದು ಒರೆಯಲ್ಲಿ ಎರಡು ಕತ್ತಿ ಇರಲಾರವು ಎನ್ನುತ್ತಾರೆ. ಇಲ್ಲಿ ಒಂದಕ್ಕೇ ಗತಿಯಿರಲಿಲ್ಲ. ಮಾರಿಬಿಟ್ಟರೆ ಮಾತಿಗೆ ನೆಪ ಉಳಿಯದಲ್ಲ ಎಂಬ ಭಯ ಇಬ್ಬರಿಗೂ. ಅದು ನನಗೆ ಗೊತ್ತಿತ್ತು, ಆ ಎರಡು ಮೊದ್ದುಗಳಿಗೆ ಗೊತ್ತಿರಲಿಲ್ಲ.

ಕಳೆದ ಚಳಿಗಾಲ ಅಣ್ಣನ ಹೃದಯ ಕೈಕೊಟ್ಟಿತು. ಡಾಕ್ಟರು ಕೈಚೆಲ್ಲಿದರು. "ನಲವತ್ತೊಂದು ಒರೆ ಸೇರೋದನ್ನ ನೋಡ್ಬೇಕು ಎಡಿತ್, ಅಷ್ಟೇ" ಎಂದ ಅಣ್ಣ. ನಾನು ವಿನ್ನಿಗೆ ಫೋನ್ ಮಾಡಿದೆ.

ಅವಳು ಒರೆಯನ್ನು ಕಂಬಳಿಯಲ್ಲಿ ಸುತ್ತಿ ತಂದು ಹಾಸಿಗೆಯ ಮೇಲಿಟ್ಟಳು. "ತಗೋ, ನಿಂದೇ." ನಾನು ಗೋಡೆಯಿಂದ ಇಳಿಸಿ ತಂದಿದ್ದ ಕತ್ತಿಯನ್ನು ಅಣ್ಣ ಅದರೊಳಗೆ ತೂರಿಸಿದ. ಸರ್ರನೆ ಜಾರಿ ತಳ ಮುಟ್ಟಿತು. ಅಣ್ಣ ಮಗುವಿನ ಹಾಗೆ ನಕ್ಕ.

"ಹೊಳೆ ದಾಟಿದ ಕಣೇ" ಎಂದು ನನಗೆ ಹೇಳಿ, ಎರಡನ್ನೂ ವಿನ್ನಿಯ ಮಡಿಲಿಗೆ ಸರಿಸಿದ. "ಇನ್ನು ನೀನೇ ಇಟ್ಕೋ."

ಹರಿತವಾದದ್ದನ್ನು ನಮ್ಮವರು ಬಿಟ್ಟಿ ಕೊಡುವುದಿಲ್ಲ. ಅಡುಗೆಮನೆಯ ಚಾಕುವಾದರೂ ಪಡೆದವರು ಒಂದು ಪೆನ್ನಿಯ ನಾಣ್ಯ ಕೊಡಲೇಬೇಕು, ಇಲ್ಲವಾದರೆ ಸ್ನೇಹ ಕತ್ತರಿಸಿಹೋಗುತ್ತದೆ. ಅಣ್ಣ ಈ ನೇಮವನ್ನು ಎಂದೂ ತಪ್ಪಿದವನಲ್ಲ. ವಿನ್ನಿ ಪರ್ಸು ತಡಕಾಡಿ ಪೆನ್ನಿ ಚಾಚಿದಳು. ಅಣ್ಣ ಅವಳ ಬೆರಳುಗಳನ್ನು ಮಡಚಿಬಿಟ್ಟ.

"ಬೇಡ. ಸ್ನೇಹ ಕತ್ತರಿಸಿಹೋಗ್ಲಿ ಬಿಡು. ಇಲ್ದಿದ್ರೆ ನಾನು ಹೋದ್ಮೇಲೆ ಅಳ್ತಾ ಕೂರ್ತೀಯ."

"ಅಯ್ಯೋ ಪೆದ್ದ" ಎಂದಳು. ಅವನ ಹೊದಿಕೆ ಸರಿಮಾಡುವ ನೆಪದಲ್ಲಿ ಪೆನ್ನಿಯನ್ನು ಅವನ ಸ್ವೆಟರಿನ ಜೇಬಿಗೆ ಜಾರಿಸಿದ್ದನ್ನು ನಾನು ಕಂಡೆ.

ಮರುದಿನ ಬೆಳಗ್ಗೆ ಟೀ ಒಯ್ದಾಗ ಕಿಟಕಿಯ ತುಂಬ ಮಂಜು. ಅಣ್ಣ ನಿದ್ದೆಯಲ್ಲೇ ಹೋಗಿಬಿಟ್ಟಿದ್ದ. ಸ್ವೆಟರಿನ ಜೇಬು ನೋಡಿದೆ, ಖಾಲಿಯಿತ್ತು. ಪೆನ್ನಿ ಅವನ ಮುಷ್ಟಿಯಲ್ಲಿತ್ತು.