ಗುಡ್ಲುಬಯಲಿನ ಮೇಲೆ ಬಡಾವಣೆ

ಇಲಿ ಒರಳುಕಲ್ಲಿನ ಮಗ್ಗುಲಲ್ಲಿ, ಗೋಡೆಯಿಂದ ಒಂದು ಗೇಣು ಈಚೆಗೆ, ಅಂಗಾತ ಬಿದ್ದಿತ್ತು. ಮೈಮೇಲೆ ಬೆಕ್ಕಿನ ಹಲ್ಲಿನ ಗುರುತಿರಲಿಲ್ಲ. ಒದ್ದೆಯೂ ಆಗಿರಲಿಲ್ಲ. ಇರುವೆಗಳು ಇನ್ನೂ ಬಂದಿರಲಿಲ್ಲ. ಮುಂಗಾಲುಗಳನ್ನು ಎದೆಗೆ ಒತ್ತಿಕೊಂಡಿತ್ತು. ಪಡಸಾಲೆಯ ಗಡಿಯಾರ ಆಗತಾನೆ ಹತ್ತು ಹೊಡೆದಿತ್ತು.

ನಮ್ಮ ಕಡೆ ಇಂಥ ಇಲಿಯನ್ನು ಸತ್ತಿತು ಎನ್ನುವುದಿಲ್ಲ, ಬಿತ್ತು ಎನ್ನುತ್ತಾರೆ. ಬೆಕ್ಕು ಹಿಡಿದರೆ, ಬೋನಿನಲ್ಲಿ ಸಿಕ್ಕರೆ, ಅದು ಸತ್ತ ಇಲಿ. ಯಾರೂ ಕೊಲ್ಲದೆ ಹಾಡಹಗಲಲ್ಲಿ ನೆಲದ ಮೇಲೆ ಸಿಕ್ಕರೆ ಅದು ಬಿದ್ದ ಇಲಿ. ಬಿದ್ದ ಇಲಿ ಎಂದರೆ ಪ್ಲೇಗು. ಆ ಮನೆಯವರು ಸ್ಯಾನಿಟರಿ ಇನ್ಸ್‌ಪೆಕ್ಟರಿಗೆ ತಿಳಿಸಬೇಕು. ಅವರ ಆಳುಗಳು ಬಂದು ಹೆಂಚು ಇಳಿಸಿ ಮನೆಯೊಳಗೆ ಬಿಸಿಲು ಬೀಳುವಂತೆ ಮಾಡುತ್ತಾರೆ. ಮನೆಯವರು ಚಾಪೆ, ಪಾತ್ರೆ ಹೊತ್ತುಕೊಂಡು ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳಬೇಕು. ಬೇರೆ ಊರಿಗೆ ಹೋಗೋಣವೆಂದರೆ ಇಲಿ ಬಿದ್ದ ಮನೆಯವರನ್ನು ನೆಂಟರೂ ಹೊಸ್ತಿಲು ದಾಟಿಸುತ್ತಿರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ವರ್ಷದ ಧನುರ್ಮಾಸ ಅದು. ನಾನು ಮೈಸೂರಿನ ಹುಡುಗಿಯರ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಮಳವಳ್ಳಿಗೆ ಬಂದು ಆರು ತಿಂಗಳಾಗಿತ್ತು. ಅಡುಗೆಮನೆಯ ಪಕ್ಕದ ಕಿಟಕಿಯಿಲ್ಲದ ಕೋಣೆಯಲ್ಲಿ ಅತ್ತಿಗೆ ಬಾಣಂತಿ. ತಾಯಿಯಿಲ್ಲದವಳಾದ್ದರಿಂದ ಚೊಚ್ಚಲ ಹೆರಿಗೆ ನಮ್ಮಲ್ಲೇ ಆಗಿತ್ತು. ಮಗುವಿಗೆ ಹನ್ನೊಂದು ದಿನ. ಅಣ್ಣ ಮಂಡ್ಯದಲ್ಲಿ ಕೆಲಸದಲ್ಲಿದ್ದ; ಭಾನುವಾರ ಮಾತ್ರ ಬರುತ್ತಿದ್ದ.

ನಾನು ಇಕ್ಕಳದಲ್ಲಿ ಇಲಿಯನ್ನು ಎತ್ತಿ ಬಚ್ಚಲ ಒಲೆಗೆ ಹಾಕಿದೆ. ಅದು ಪೂರ್ತಿ ಉರಿಯುವವರೆಗೂ ನಿಂತಿದ್ದೆ. ಬಿದ್ದಿದ್ದ ಜಾಗಕ್ಕೆ ಕುದಿಯುವ ನೀರು ಹೊಯ್ದು ಬೂದಿ ಹಾಕಿ ಉಜ್ಜಿದೆ. ಅವ್ವ ಹಿತ್ತಲಲ್ಲಿದ್ದಳು. ಅತ್ತಿಗೆ ಮಗುವಿಗೆ ಏನೋ ಹೇಳುತ್ತಿದ್ದಳು. ನಾನು ಯಾರಿಗೂ ಹೇಳಲಿಲ್ಲ.

ಹೇಳದಿರಲು ಕಾರಣವಿತ್ತು. ನಾನು ಹುಟ್ಟುವ ಮೊದಲು ಒಂದು ಸಲ ಊರು ಬಿಟ್ಟಾಗ ಅಪ್ಪನ ತಂಗಿ ಹಸಿ ಬಾಣಂತಿ. ಅವಳನ್ನು ಬಯಲಿನ ಗುಡಿಸಲಿನಲ್ಲಿ ಮಲಗಿಸಿದರು. ಅವಳಿಗೆ ಪ್ಲೇಗು ತಗಲಲೇ ಇಲ್ಲ. ಮಂಜಿನ ಚಳಿಗೆ ಸತ್ತಳು. ಮಗುವೂ ಉಳಿಯಲಿಲ್ಲ. ನಮ್ಮ ಮನೆಯಲ್ಲಿ ಆ ಬಯಲಿನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ಅದೇ ಬಯಲಿನ ಬಗ್ಗೆ ಅಂದು ಮಧ್ಯಾಹ್ನ ಮೂರು ಗಂಟೆಗೆ ಸಭೆ. ಅಲ್ಲಿ ಹೊಸ ಬಡಾವಣೆ ಮಾಡಿ ನಿವೇಶನಗಳನ್ನು ಹರಾಜು ಹಾಕಬೇಕೆಂದು ಮುನಿಸಿಪಾಲಿಟಿ ಯೋಚಿಸಿತ್ತು. ಆ ಯೋಚನೆ ಅಪ್ಪನದು. ಅವರು ಹೈಸ್ಕೂಲಿನ ಮೇಷ್ಟರಾಗಿ ನಿವೃತ್ತರಾಗಿ ಮುನಿಸಿಪಾಲಿಟಿಯ ಮೆಂಬರಾಗಿದ್ದರು. ಊರವರ ಹೇಳಿಕೆಗಳನ್ನು ಬರೆದುಕೊಂಡು ತಾಲ್ಲೂಕಿನ ಅಮಲ್ದಾರರಿಗೆ ಒಪ್ಪಿಸಬೇಕಿತ್ತು. ಗುಮಾಸ್ತರು ರಜೆಯಲ್ಲಿದ್ದುದರಿಂದ ಅಪ್ಪ ನನ್ನನ್ನು ಕರೆದರು. ನನ್ನ ಅಕ್ಷರ ಚೆನ್ನಾಗಿದೆ ಎಂಬುದು ಅವರು ನನ್ನ ಬಗ್ಗೆ ಬಾಯಿಬಿಟ್ಟು ಆಡುತ್ತಿದ್ದ ಒಂದೇ ಹೊಗಳಿಕೆ.

ನಕ್ಷೆಯಲ್ಲಿ ಆ ಬಯಲು ಖಾಲಿ. ಊರವರಿಗೆ ಅದು ಖಾಲಿಯಾಗಿರಲಿಲ್ಲ. ಅದನ್ನು ಗುಡ್ಲುಬಯಲು ಎನ್ನುತ್ತಿದ್ದರು. ಯಾವ ಬೀದಿಯವರ ಗುಡಿಸಲು ಯಾವ ಕಡೆ, ಯಾರ ಪಕ್ಕ ಯಾರು ಎಂಬುದೆಲ್ಲ ಅಜ್ಜಂದಿರ ಕಾಲದಿಂದ ಗೊತ್ತಾಗಿಹೋಗಿತ್ತು. ಪ್ಲೇಗು ಇಳಿದು ಊರಿಗೆ ಮರಳುವಾಗ ಬಿದಿರಿನ ಗಳು, ಹೊದಿಸಿದ ಸೋಗೆ ಎಲ್ಲ ಹೊತ್ತು ತಂದರೂ ಒಲೆಯ ಮೂರು ಕಲ್ಲುಗಳನ್ನು ಅಲ್ಲೇ ಬಿಟ್ಟು ಬರುತ್ತಿದ್ದರು. ಮತ್ತೆ ಬಂದಾಗ ಅದೇ ಗುರುತು. ಅವನ್ನು ದನ ಕಾಯುವವರೂ ಕದಲಿಸುತ್ತಿರಲಿಲ್ಲ. ಆ ವಾರ ಅಳತೆಗೆ ಬಂದ ಸರ್ವೆಯವರು ಇದನ್ನು ತಿಳಿಯದೆ ಕಲ್ಲುಗಳನ್ನೆಲ್ಲ ಆಯ್ದು ಬಾವುಟದ ಕೋಲುಗಳ ಬುಡಕ್ಕೆ ಒಟ್ಟಿದ್ದರು. ಸಭೆಗೆ ಅಷ್ಟು ಜನ ಸೇರಲು ಅದೇ ಕಾರಣ.

ಪ್ರೈಮರಿ ಸ್ಕೂಲಿನ ಹಜಾರ ತುಂಬಿತ್ತು. ಹೆಂಗಸರು ಹೊರಗಿನ ಜಗಲಿಯಲ್ಲಿ ಕಿಟಕಿಗೆ ಒತ್ತಿ ಕೂತಿದ್ದರು. ನಾನು ಅಪ್ಪನ ಪಕ್ಕದ ಮೇಜಿನಲ್ಲಿ.

ಮೊದಲು ಎದ್ದವನು ನಮ್ಮ ಗದ್ದೆಯ ಪಕ್ಕದ ಗದ್ದೆಯ ರೈತ. "ಮೇಸ್ಟ್ರೇ, ನಮ್ ಒಲೆ ಕಲ್ನೆಲ್ಲಾ ಗುಡ್ಡೆ ಆಕಿ ಬಾವುಟ ನೆಟ್ಟವ್ರಲ್ಲ ನಿಮ್ ಸರ್ವೆಯೋರು. ನಾಳಿಕ್ ಪಿಳೇಗು ಬಂದ್ರೆ ಬಾವುಟದ್ ಮ್ಯಾಲೆ ಎಸ್ರು ಇಡವಾ?"

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ.

"ಪ್ಲೇಗು ಯಾಕಯ್ಯ ಬರತ್ತೆ? ಗೋಡೆಗೆ ಗೋಡೆ ಅಂಟಿಸ್ಕೊಂಡು, ಕಿಟಕಿ ಇಲ್ದೆ, ರಾಗಿ ಕಣಜದ ಮಗ್ಗುಲಲ್ಲೇ ಮಲಗ್ತೀವಿ, ಅದಕ್ಕೆ. ಅಲ್ಲಿ ಮನೆ ಮನೆ ನಡುವೆ ಜಾಗ ಬಿಡ್ತೀವಿ. ಕಲ್ಲಿನ ಚರಂಡಿ, ಗಾಳಿ, ಬೆಳಕು. ಓಡಿಹೋಗೋಕೆ ಅಂತ ಬಯಲು ಇಟ್ಕೊಳ್ಳೋ ಬದಲು ಓಡೋದೇ ಬೇಡ ಅನ್ನೋ ಹಾಗೆ ಮನೆ ಕಟ್ಕೊಳ್ಳೋಣ."

"ಅದ್ಸರಿ. ಇಲಿಗೆ ನಿಮ್ ಪಿಲಾನು ತೋರ್ಸಿದ್ದೀರಾ?"

ಪೇಟೆಯ ಬಟ್ಟೆ ಅಂಗಡಿಯ ಸಾಹುಕಾರರಿಗೆ ನಿವೇಶನ ಬೇಕಾಗಿತ್ತು. ಅವರು ಕೂತಲ್ಲಿಂದಲೇ ಕೂಗಿದರು. "ಇಲಿ ಇಲಿ ಅಂತ ಬಡ್ಕೋಬ್ಯಾಡ ಕಣ್ಲಾ. ಈಗ ಪಿಳೇಗ್ಗೆ ಸೂಜಿ ಬಂದದೆ. ಯಾವ್ ಕಾಲ್ದಲ್ಲಿದ್ದೀಯ?"

"ನೀವ್ ಚುಚ್ಚುಸ್ಕಂಡ್ರಾ ಸಾವ್ಕಾರ್ರೆ?"

"ಆವತ್ತು... ಅಂಗ್ಡಿ ಬುಟ್ಟು ಬರಕ್ಕಾಗ್ನಿಲ್ಲ."

ಈ ಸಲ ಕಿಟಕಿಯ ಆಚೆಯೂ ನಗು ಕೇಳಿಸಿತು. ಆ ನಗುವಿನ ನಡುವೆಯೇ ಹಿಂದಿನ ಬೀದಿಯ ಅಜ್ಜಿಯೊಬ್ಬಳು ಕಿಟಕಿಯ ಸರಳು ಹಿಡಿದು ಎದ್ದು ನಿಂತಳು.

"ನಮ್ಗೆ ಊರು ಒಂದಲ್ಲ ಕಣಪ್ಪ, ಎಲ್ಡು. ಇರಾಕೊಂದು, ಸಾವು ಬಂದಾಗ ಓಗಾಕೊಂದು. ಓಗಾ ಊರ್ನ ಅರಾಜ್ ಆಕ್ಬುಟ್ರೆ ನಾವ್ ಎಲ್ಲಿಗೋಗವ? ನಿನ್ ಅಂಚಿನ್ ಮನೆ ಕಟ್ಟೋಗಂಟ ಪಿಳೇಗು ಕಾಯ್ತಾ ಕುಂತಿರ್ತದಾ?"

ಅದನ್ನು ಬರಹದ ಭಾಷೆಗೆ ತಿರುಗಿಸುವುದು ಹೇಗೆಂದು ತಿಳಿಯದೆ ಅವಳು ಹೇಳಿದ ಹಾಗೆಯೇ ಬರೆದುಕೊಂಡೆ.

ಅಪ್ಪ ಎದ್ದು ನಿಂತು ಹೇಳಿದರು: "ಈ ಊರಲ್ಲಿ ಇಲಿ ಬಿದ್ದು ನಾಲ್ಕು ವರ್ಷ ಆಯ್ತು. ಯಾರ ಮನೇಲಾದ್ರೂ ಈಚೆಗೆ ಬಿದ್ದಿದ್ರೆ ಈಗಲೇ ಹೇಳಿ. ಒಂದೇ ಒಂದು ಬಿದ್ದಿದ್ರೂ ಸರಿ, ಬಡಾವಣೆ ಮಾತು ಇಲ್ಲಿಗೇ ಬಿಟ್ಬಿಡ್ತೀನಿ."

ನನ್ನ ಕೈಯಲ್ಲಿದ್ದ ಲೇಖನಿಯ ಮುಳ್ಳು ಕಾಗದಕ್ಕೆ ಕಚ್ಚಿಕೊಂಡಿತು. ಹೇಳಿದರೆ ಸಂಜೆಯೊಳಗೆ ನಮ್ಮ ಹೆಂಚು ಇಳಿಯುತ್ತದೆ, ಹನ್ನೊಂದು ದಿನದ ಮಗು ಆ ಬಯಲಿನಲ್ಲಿ ಮಲಗುತ್ತದೆ. ಹೇಳದಿದ್ದರೆ ಇಷ್ಟು ಜನ ನನ್ನ ಬೀದಿಗೆ, ನನ್ನ ಪಕ್ಕದ ಮನೆಗಳಿಗೆ ನಗುತ್ತ ಹಿಂದಿರುಗುತ್ತಾರೆ. ಅಪ್ಪ ನನ್ನ ಕಡೆ ನೋಡಲಿಲ್ಲ. ನೋಡಲು ಕಾರಣವೂ ಇರಲಿಲ್ಲ.

ಯಾರೂ ಮಾತಾಡಲಿಲ್ಲ. ನಾನು ಬರೆದೆ: "ಸಭೆಯಲ್ಲಿ ಯಾರೂ ತಮ್ಮ ಮನೆಯಲ್ಲಿ ಇಲಿ ಬಿದ್ದಿದೆಯೆಂದು ಹೇಳಲಿಲ್ಲ." ವಾಕ್ಯದಲ್ಲಿ ಸುಳ್ಳಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಂಗೈ ಬೆವರಿಗೆ ಕೊನೆಯ ಎರಡು ಅಕ್ಷರ ಕಲಸಿಹೋದವು.

ಕೈ ಎತ್ತಿಸಿದರು. ಬಡಾವಣೆ ಬೇಕು ಎಂದವರೇ ಹೆಚ್ಚು. ಕಾಗದಗಳನ್ನು ಮರುದಿನ ಅಮಲ್ದಾರರ ಕಚೇರಿಗೆ ತಾವೇ ಒಯ್ಯುವುದಾಗಿ ಅಪ್ಪ ಹೇಳಿದರು.

ಮನೆಗೆ ಬಂದಾಗ ಅತ್ತಿಗೆ ಕೋಣೆಯಿಂದ ಕರೆದಳು. "ಯಾಕೋ ಮಗ ಮಧ್ಯಾನ್ದಿಂದ ಆಲೇ ಕುಡೀತಿಲ್ಲ ಕಣಮ್ಮ. ಮೈ ವಸಿ ಬೆಚ್ಗದೆ ಅಲ್ವಾ, ನೋಡು."

ಮುಟ್ಟಿದೆ. ಮೈ ಬೆಚ್ಚಗಿತ್ತು. ಕೋಣೆಯಲ್ಲಿ ಕೆಂಡದ ಬಾಂಡಲಿ ಇಟ್ಟಿದ್ದರು, ಅದರ ಕಾವೋ ಜ್ವರವೋ ತಿಳಿಯಲಿಲ್ಲ. ಬಟ್ಟೆ ಸರಿಮಾಡುವ ನೆಪದಲ್ಲಿ ಮಗುವಿನ ಕಂಕುಳು, ತೊಡೆಸಂದು ಎಲ್ಲ ಬೆರಳಿಂದ ಒತ್ತಿ ನೋಡಿದೆ. ಗಡ್ಡೆ ಸಿಗಲಿಲ್ಲ. ಮತ್ತೊಮ್ಮೆ ನೋಡಿದೆ. ಅಷ್ಟು ಸಣ್ಣ ಮೈಯಲ್ಲಿ ಗಡ್ಡೆ ಎಷ್ಟು ದಪ್ಪ ಇರಬಹುದು ಎಂದು ನನಗೆ ಗೊತ್ತಿರಲಿಲ್ಲ.

"ಏನ್ ನೋಡ್ತಿದ್ದೀ?" ಎಂದಳು ಅತ್ತಿಗೆ.

"ಏನಿಲ್ಲ, ಒದ್ದೆಯಾಗಿದೆಯೇನೋ ಅಂತ."

ಅವ್ವ ನನ್ನ ಹಿಂದೆಯೇ ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಬಚ್ಚಲ ಒಲೇಲಿ ಏನ್ ಸುಟ್ಟೆ ಮಗ? ಕೂದ್ಲು ಸುಟ್ಟ ವಾಸ್ನೆ ಬಂತು."

"ಇಲಿ."

ಅವ್ವ ಬೆಚ್ಚಲಿಲ್ಲ.

"ಎಲ್ಲಿ ಬಿದ್ದಿತ್ತು?"

"ಒರಳಿನ ಹತ್ರ."

"ಮೊನ್ನೇದು ಕಣಜದ್ ಹಿಂದ್ಗಡೆ ಬಿದ್ದಿತ್ತು. ಇತ್ಲಲ್ಲಿ ಊತ್ಬುಟ್ಟೆ." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನಿಮ್ಮಪ್ಪನ್ಗೆ ಯೋಳ್ಬ್ಯಾಡ ಕಣವ್ವ. ತಂಗೀನ ಆ ಬಯಲಿಂದ ತೋಳ್ಮೇಲೆ ಒತ್ಕಂಡ್ ಬಂದೋರು ಅವ್ರೇ."

ನಾನು ಮಣೆಯ ಮೇಲೆ ಕೂತೆ. ಸಭೆಯ ಆ ಗಳಿಗೆ ಮತ್ತೆ ಕಣ್ಣ ಮುಂದೆ ಬಂತು. ಅಪ್ಪ ಕೇಳಿದಾಗ ಪಕ್ಕದ ಮನೆಯಾಕೆ ಕಿಟಕಿಯಲ್ಲಿ ತಲೆ ತಗ್ಗಿಸಿದ್ದಳು. ಒಬ್ಬರು ಉತ್ತರೀಯದ ಅಂಚನ್ನು ಸುರುಳಿ ಸುತ್ತುತ್ತಿದ್ದರು. ಅಷ್ಟು ಬಾಯಿ ಮಾಡಿದ ನಮ್ಮ ಗದ್ದೆ ಪಕ್ಕದವನೂ ಗೋಡೆಯನ್ನು ನೋಡುತ್ತಿದ್ದ. ಬೇರೆ ಯಾರ ಮನೆಯಲ್ಲೂ ಬಿದ್ದಿಲ್ಲವೆಂದೇ ನಾನು ತಿಳಿದಿದ್ದೆ. ನಾನು ಮತ್ತು ಅವ್ವ ಒಂದೇ ಸೂರಿನಡಿ ಒಬ್ಬರಿಂದೊಬ್ಬರು ಮುಚ್ಚಿಟ್ಟಿದ್ದೆವು. ಒಂದಕ್ಕೊಂದು ಅಂಟಿಕೊಂಡ ಆ ಬೀದಿಯಲ್ಲಿ ಎಷ್ಟು ಹಿತ್ತಲುಗಳಲ್ಲಿ ಮಣ್ಣು ಹಸಿಯಾಗಿತ್ತೋ! ಪ್ರತಿಯೊಬ್ಬರಿಗೂ ಕೋಣೆಯೊಳಗೆ ಒಬ್ಬರು ಇರುತ್ತಾರೆ, ಮುದುಕಿಯೋ, ಬಾಣಂತಿಯೋ, ಮದುವೆ ನಿಶ್ಚಯವಾದ ಮಗಳೋ. ಯಾರಾದರೂ ಒಬ್ಬರು ಮೊದಲು ಹೇಳದೆ ಇನ್ನೊಬ್ಬರು ಹೇಳುವಂತಿರಲಿಲ್ಲ.

ಆ ರಾತ್ರಿಯ ಬಗ್ಗೆ ಬರೆಯುವಂಥದ್ದೇನೂ ಇಲ್ಲ.

ಬೆಳಿಗ್ಗೆ ಮಗು ಹಾಲು ಕುಡಿಯಿತು. ಅದನ್ನು ಕಣ್ಣಾರೆ ನೋಡಿ ಪಡಸಾಲೆಗೆ ಬಂದೆ. ಅಪ್ಪ ಕಚೇರಿಗೆ ಹೊರಡಲು ರುಮಾಲು ಸುತ್ತಿಕೊಳ್ಳುತ್ತಿದ್ದರು. ಮೇಜಿನ ಮೇಲಿದ್ದ ಹೇಳಿಕೆಗಳ ಕೊನೆಯ ಹಾಳೆ ತೆಗೆದು, ಕಲಸಿಹೋದ ಸಾಲಿನ ಕೆಳಗೆ, ಅಕ್ಷರ ಅಲುಗದಂತೆ ನಿಧಾನವಾಗಿ ಬರೆದೆ: "ಬರೆದುಕೊಂಡವಳ ಹೇಳಿಕೆ. ನಮ್ಮ ಮನೆಯಲ್ಲಿ ಎರಡು ಇಲಿ ಬಿದ್ದಿವೆ." ಅದನ್ನು ಅವರ ಕೈಗೆ ಕೊಟ್ಟೆ.

ಅವರು ಓದಿದರು. ಸುತ್ತುತ್ತಿದ್ದ ರುಮಾಲು ಅರ್ಧಕ್ಕೆ ನಿಂತಿತು.

"ಸಭೆಗೆ ಮುಂಚೆನೇ ಗೊತ್ತಿತ್ತಾ?"

"ಒಂದು ಗೊತ್ತಿತ್ತು."

ಅವರು ಅತ್ತಿಗೆಯ ಕೋಣೆಯ ಬಾಗಿಲನ್ನು ನೋಡಿದರು. ತುಂಬ ಹೊತ್ತು ನೋಡಿದರು. ನನ್ನನ್ನು ಬೈದಿದ್ದರೆ ಸುಲಭವಾಗುತ್ತಿತ್ತು. "ಗುಡಿಸಲಿಗೆ ಎರಡು ಪದರ ಸೋಗೆ ಹಾಕಿಸ್ಬೇಕು," ಎಂದರು ಕೊನೆಗೆ. "ಇನ್ಸ್‌ಪೆಕ್ಟರ ಹತ್ರ ನಾನು ಹೋಗ್ತೀನಿ."

"ನೀವು ಸೋಗೆಗೆ ಹೇಳಿ ಅಪ್ಪ. ಅವರ ಹತ್ರ ನಾನು ಹೋಗ್ತೀನಿ."

ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಬೀದಿಯಲ್ಲಿ ರಂಗೋಲಿ ಹಾಕುತ್ತಿದ್ದ ಹೆಂಗಸರು ಮಾತಾಡಿಸಿದರು. ಬಂದೆ ಎಂದಷ್ಟೇ ಹೇಳಿ ನಡೆದೆ. ಸ್ಯಾನಿಟರಿ ಇನ್ಸ್‌ಪೆಕ್ಟರು ಇನ್ನೂ ಕಾಫಿ ಕುಡಿಯುತ್ತಿದ್ದರು. ಅವರ ಮನೆಯ ಮೆಟ್ಟಿಲ ಕೆಳಗೆ ನಿಂತು ಇಲಿ ಬಿದ್ದಿವೆ ಎಂದೆ. ಅವರು ನಂಬದೆ ಯಾರ ಮನೆ ಎಂದು ಎರಡು ಸಲ ಕೇಳಿದಾಗಲೂ, ನಮ್ಮ ಮನೆಯ ನಂಬರನ್ನೇ ಹೇಳಿದೆ.